ನನ್ನ ಬದಲು ಪ್ಲಂಬರ್ ಉತ್ತರ ಕೊಟ್ಟ

ಕೇಳಿ ಮಾರಾಯ್ರೆ, ಕಾಳಿಘಾಟಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುವ ನನ್ನ ಬಾಗಿಲಿಗೆ ಇವತ್ತು ಮೊದಲ ಸಲ ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮ, ಇಲ್ಲಿನವರ ಬಾಯಲ್ಲಿ ಮಾಶಿಮಾ, ಬಂದರು. ಕೈಯಲ್ಲಿ ಮೀನಿನ ಸಾರು. ಬಾಗಿಲು ತೆಗೆದದ್ದು ನಾನು, ಅವರು ಕೇಳಿದ್ದು ಒಳಗೆ ನಲ್ಲಿ ರಿಪೇರಿ ಮಾಡ್ತಿದ್ದ ಪ್ಲಂಬರನ್ನು: "ಇವನು ಮೀನು ತಿಂತಾನಾ?"

"ಮದ್ರಾಸಿ ಅಲ್ವಾ, ಬರೀ ಇಡ್ಲಿ ದೋಸೆ," ಅಂದ ಪುಣ್ಯಾತ್ಮ. ನಾನು ಕುಂದಾಪುರದವನು!

ಆಟಿಸಂ ಇರುವ ನನಗೆ ಬಾಯಲ್ಲಿ ಮಾತು ಬರುವುದಿಲ್ಲ. ಟ್ಯಾಬ್ಲೆಟ್‌ನಲ್ಲಿ ಒಂದೊಂದೇ ಅಕ್ಷರ ಒತ್ತಿ ಮಾತಾಡ್ತೇನೆ. ಒತ್ತಿ ಮುಗಿಸುವಷ್ಟರಲ್ಲಿ ಅವರು ಪಾತ್ರೆ ಸಮೇತ ವಾಪಸ್ ಹೋಗಿ ಬಾಗಿಲು ಹಾಕಿಕೊಂಡಿದ್ದರು. "ತಿಂತೇನೆ. ಬನ್ನಿ, ಒಟ್ಟಿಗೆ ಊಟ ಮಾಡುವ," ಅಂತ ಟ್ಯಾಬ್ಲೆಟ್ ಖಾಲಿ ಮೆಟ್ಟಿಲಿಗೆ ಹಿಂದಿಯಲ್ಲಿ ಹೇಳಿತು.

ಮಾತು ಮುಗಿಯುವ ತನಕ ನಿಂತು ಕೇಳಿದ್ದು ಬೀದಿಯ ಬೆಕ್ಕು ಒಂದೇ. ಅದೂ ಮೀನಿನ ವಾಸನೆಗೆ ಬಂದದ್ದು.