ಪಿರೋಜಪ್ಪನಾಗಿಯೇ ನ್ಯಾಮತಿಗೆ

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ಜಗಳೂರಿನಲ್ಲಿ ಹತ್ತಿದಾಗ, ನನ್ನ ಮದುವೆ ಆದೀತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನ್ಯಾಮತಿಯಿಂದ ಹುಡುಗಿಯ ದೊಡ್ಡಪ್ಪ ಹೇಳಿಕಳಿಸಿದ್ದರು: ಧಾರೆಗೆ ಮುಂಚೆ ಹುಡುಗ ಹೆಸರು ಬದಲಿಸಿ ಪರಮೇಶಪ್ಪ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ.

ನನ್ನ ಹೆಸರು ಪಿರೋಜಪ್ಪ. ನಮ್ಮೂರು ಸೊಕ್ಕೆಯಲ್ಲಿ ಅವ್ವ ನನ್ನನ್ನು ಹೆರಲಾರದೆ ಒದ್ದಾಡುತ್ತಿದ್ದಾಗ, ಪಕ್ಕದ ಮನೆಯ ಪಿರೋಜ್ ಸಾಬರು ಬಂಡಿ ಕಟ್ಟಿ ಅವಳನ್ನು ಜಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ್ದರು. ಅಪ್ಪ ಅವರ ಹೆಸರನ್ನೇ ನನಗಿಟ್ಟ. ಈಗ ಮಾತ್ರ, "ಬಿಡೋದು ಇಟ್ಕೊಳ್ಳೋದು ನಿನಗೆ ಸೇರಿದ್ದು ಕಣಪ್ಪ," ಎಂದು ಕಿಟಕಿಯತ್ತ ತಿರುಗಿ ಕೂತಿದ್ದ.

ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬೇರೆ ಬಸ್ಸು ಹಿಡಿದೆವು. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು; ಮದುಮಗನೆಂದು ನನ್ನನ್ನೇನೂ ಬಿಡಲಿಲ್ಲ. ನನ್ನ ಪಕ್ಕ ತಳ್ಳುತ್ತಿದ್ದವರು ಹತ್ತಿ ಕೊಳ್ಳಲು ಬಂದ ಮುಂಬಯಿಯ ಪಾರ್ಸಿ ವ್ಯಾಪಾರಿ. ನನ್ನ ಹೆಸರು ಕೇಳಿದ್ದೇ ತಡ, ಬಸ್ಸು ಬಿಟ್ಟು ನನ್ನ ಬೆನ್ನು ತಟ್ಟಿದರು.

"ಅರೆ, ನನ್ನ ತಮ್ಮನೂ ಫಿರೋಜ್! ಇರಾನಿನ ಹಳೇ ಮಾತಲ್ಲಿ ಪೇರೋಜ್, ಅಂದ್ರೆ ಗೆದ್ದವನು. ಅರಬರು ಫೈರೂಜ್ ಅಂತಾರೆ, ತುರ್ಕರು ಫಿರೂಜ್. ನಿಮ್ಮೂರಲ್ಲಿ ಕರೆಯೋದು ಹಳೇದಕ್ಕೇ ಹತ್ತಿರ."

ಎದೆ ಉಬ್ಬಿಹೋಯಿತು. ಅಷ್ಟು ದೇಶ ತಿರುಗಿ ಸೊಕ್ಕೆಗೆ ಬಂದ ಹೆಸರನ್ನು ನ್ಯಾಮತಿಯ ಬಾಗಿಲಲ್ಲಿ ಕಳಚಿಡಬೇಕೇ? ಸುತರಾಂ ಆಗದು! ವ್ಯಾಪಾರಿ ಹೊನ್ನಾಳಿಯಲ್ಲಿ ಇಳಿದರು. ಹೊಳೆಗಾಳಿ ತಂಪಾಗಿತ್ತು, ನನ್ನ ತಲೆ ಮಾತ್ರ ಬಿಸಿಯಾಗಿತ್ತು.

ಸಂಜೆ ನ್ಯಾಮತಿಯಲ್ಲಿ ದೊಡ್ಡಪ್ಪ ಚಪ್ಪರದಡಿಯಲ್ಲೇ ತಡೆದರು.

"ನಾಳೆ ಹುಡುಗಿ ಹತ್ತು ಜನರ ಮುಂದೆ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕ್ರಿ. ಇಂಥ ಸಾಬರ ಹೆಸರು ಹೆಂಗೆ ಹೇಳಾಕೆ ಆಗ್ತೈತೆ?"

"ಆಕೀನೇ ಕೇಳ್ರಿ," ಎಂದೆ. "ಗೆದ್ದವನು ಅಂತ ಅರ್ಥ ಐತೆ. ನಮ್ಮವ್ವನ ಜೀವ ಉಳಿಸಿದೋರ ಹೆಸರು. ನಾನಂತೂ ಬಿಡಲ್ಲ. ಆಕೆ ಹೇಳಲ್ಲ ಅಂದ್ರೆ ಈಗಲೇ ತಿರುಗಿ ಹೋಗ್ತೀವಿ."

ಆಗ ಒಳಗಿನಿಂದ ಹುಡುಗಿಯ ದನಿ ಎಲ್ಲರಿಗೂ ಕೇಳುವಂತೆ ಬಂತು:

"ಹೊಳೆಗೆ ದೋಣಿ ಚೆಂದ, ಬಾಗಿಲಿಗೆ ತೋರಣ ಚೆಂದ, ಗೆದ್ದು ಬಂದ ಪಿರೋಜಪ್ಪನೋರ ಹೆಸರು ನನ್ನ ಬಾಯಿಗೆ ಚೆಂದ."

ಹೆಂಗಸರು ಗೊಳ್ಳೆಂದು ನಕ್ಕರು. ದೊಡ್ಡಪ್ಪ ಕೆಮ್ಮಿ, ರುಮಾಲು ಸರಿಮಾಡಿಕೊಂಡು, "ಬೀಗರಿಗೆ ಕಾಲಿಗೆ ನೀರು ಕೊಡ್ರಪ್ಪಾ," ಎಂದರು. ಅಪ್ಪ ಕಣ್ಣೊರೆಸಿಕೊಂಡ.

ಮದುವೆ ಮುಗಿಸಿ ಹೆಂಡತಿಯೊಡನೆ ಬಸ್ಸು ಹತ್ತಿದೆ. ಬಸ್ಸು ಅಲುಗಿದಾಗ ದೊಡ್ಡಪ್ಪ ಜನರ ನಡುವಿನಿಂದ ಕೈಯೆತ್ತಿ, "ಪಿರೋಜಪ್ಪನೋರೇ, ಹುಷಾರಾಗಿ ಹೋಗಿಬರ್ರಿ!" ಎಂದು ಕೂಗಿದರು. ಕೇಳಿಸಿತು. ಆದರೂ ಓಗೊಡಲಿಲ್ಲ, ಇನ್ನೊಂದು ಸಲ ಕೂಗಲಿ ಎಂದು ಕಾದೆ.