ಗೂಡಿಗೆ ಹಿಡಿಸುವ ಸ್ಟೀರಿಯೊ

ಮೊದಲೇ ಹೇಳಿಬಿಡುತ್ತೇನೆ: ನನಗೆ ಸ್ಟೀರಿಯೊ ಬೇಕಾಗಿದ್ದು ಹಾಡು ಕೇಳುವುದಕ್ಕಲ್ಲ, ಹೇಳಿದ್ದ ಸುಳ್ಳೊಂದನ್ನು ನಿಜ ಮಾಡುವುದಕ್ಕೆ. ಜನ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ. ನಾನು ಸುಳ್ಳು ಹೇಳಿ ಅಂಗಡಿಗೆ ಹೊರಟವನು.

ಆಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ, ಪಕ್ಕದ ಹಳ್ಳಿಯಲ್ಲಿ ಬಾಡಿಗೆ ರೂಮು. ರೂಮು ಅನ್ನುವುದು ದೊಡ್ಡ ಮಾತು. ರೇಷ್ಮೆ ಹುಳು ಸಾಕುವ ಮನೆಯ ಒಂದು ತುದಿಗೆ ಗೋಡೆ ಎಬ್ಬಿಸಿ, ಬಾಗಿಲಿಟ್ಟು ನಮ್ಮಂಥವರಿಗೆ ಕೊಟ್ಟಿದ್ದರು. ಚಾಪೆ ಬಿಚ್ಚಿದರೆ ಸ್ಟೌವು ಹೊರಗೆ, ಸ್ಟೌವು ಒಳಗೆ ಬಂದರೆ ನಾನು ಹೊರಗೆ. ಜೊತೆಗಿದ್ದ ಗೆಳೆಯ ಮದುವೆಯಾಗಿ ಮಾಗಡಿಗೆ ಹೋದ ಮೇಲೆ ಅಷ್ಟು ಚಿಕ್ಕ ರೂಮೂ ನನಗೆ ದೊಡ್ಡದಾಯಿತು. ಗೋಡೆಯಾಚೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಅವು ಸಾವಿರಾರು, ನಾನೊಬ್ಬ.

ಮಿಮಿಕ್ರಿ ಮಾಡುವವನಿಗೆ ಎದುರಿಗೆ ನಗುವವರಿಲ್ಲದಿದ್ದರೆ ಬಾಯಿ ತುರಿಸುತ್ತದೆ. ಸೂಪರ್‌ವೈಸರನ ಮೂಗಿನ ಇಂಗ್ಲಿಷು, ತಟ್ಟೆ ಇಡ್ಲಿ ಹೋಟೆಲಿನವನ ಕೂಗು, ಊರಲ್ಲಿರುವ ಅಪ್ಪನ ಗೊಣಗಾಟ, ಎಲ್ಲರನ್ನೂ ಕರೆತಂದು ಅನ್ನ ಬೇಯುವವರೆಗೆ ಜಗಳ ಆಡಿಸುತ್ತಿದ್ದೆ. ಗೆಲ್ಲುತ್ತಿದ್ದವನು ಸೂಪರ್‌ವೈಸರನೇ. ನನ್ನ ರೂಮಿನಲ್ಲೂ ನಾನು ಕಾಂಟ್ರಾಕ್ಟು.

ಒಂದು ಸಂಜೆ ಮನೆಯೊಡತಿ ಬಾಗಿಲಿಗೆ ಬಂದಳು.

"ಏನ್ಲಾ, ಎಷ್ಟು ಜನ ಮಡಿಕ್ಕಂಡಿದ್ದೀಯ ಒಳಗೆ? ಹುಳ ಜ್ವರಕ್ಕೆ ಕುಂತವೆ. ಕಂಡೋರ ಕಾಲ್ದೂಳು ಬಿದ್ರೆ ರೋಗ ಬಂದು ಬೆಳೆನೇ ಹೊಂಟೋಯ್ತದೆ. ಜನ ಸೇರುಸ್ದೆ ಅಂದ್ರೆ ರೂಮ್ ಖಾಲಿ ಮಾಡ್ಬೇಕಾಯ್ತದೆ, ಹೇಳಿವ್ನಿ."

ಹುಳು ಮೇವು ಬಿಟ್ಟು, ಪೊರೆ ಕಳಚಲು ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಬೀಗರನ್ನೂ ಹುಳುಮನೆಯ ಹತ್ತಿರ ಬಿಡುವುದಿಲ್ಲ. ಇದ್ದವನು ನಾನೊಬ್ಬನೇ ಎಂದು ಹೇಳಬಹುದಿತ್ತು. ಆದರೆ ಒಬ್ಬನೇ ಕೂತು ಊರಿಗೂರೇ ಆಗಿ ಮಾತಾಡುತ್ತೇನೆ ಅನ್ನಲು ನಾಚಿಕೆಯಾಯಿತು.

"ಜನ ಅಲ್ಲ ಕಣವ್ವಾ, ಸ್ಟೀರಿಯೊ" ಅಂದೆ. ರೂಮಿನಲ್ಲಿ ಕರೆಂಟಿಗೆ ಸಂಬಂಧಪಟ್ಟದ್ದು ಅಂತ ಇದ್ದದ್ದು ಒಂದು ಬಲ್ಬು.

"ಅಂಗಾ? ಹುಳ ಜ್ವರದಿಂದ ಎದ್ಮೇಲೆ ಬಂದು ನೋಡ್ತೀನಿ" ಅಂದು ಹೋದಳು.

ಮಾರನೆಯ ದಿನವೇ ರಜೆ ಹಾಕಿ ರಾಮನಗರಕ್ಕೆ ಓಡಿದೆ. ಅಂಗಡಿಯವನು ನನ್ನ ಎದೆಯೆತ್ತರದ ಪೆಟ್ಟಿಗೆಗಳನ್ನು ತೋರಿಸಿ, "ಬಾಸ್ ಕೊಟ್ರೆ ಎದೆಗೆ ಗುದ್ದಬೇಕು ಗುರು" ಅಂದ.

"ಗುದ್ದೋದು ಬ್ಯಾಡ. ಜನ ಮಾತಾಡಿದ್ರೆ ಪಕ್ಕದಲ್ಲೇ ಕುಂತಂಗೆ ಕೇಳ್ಬೇಕು."

"ಮಾತು ಕೇಳಕ್ಕೆ ಸ್ಟೀರಿಯೊ ಯಾಕ್ ಗುರು? ಮದ್ವೆ ಆಗು!"

ಅವನ ದನಿಯಲ್ಲೇ ಅದನ್ನು ಅವನಿಗೆ ತಿರುಗಿಸಿ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು. ಹೊರಡಲು ಮನಸ್ಸಾಗದೆ, ಕೊಳ್ಳಲಾರದ ಇನ್ನೆರಡು ಸೆಟ್ಟುಗಳನ್ನೂ ಹಾಕಿಸಿ ಕೇಳಿದೆ. ಕೊನೆಗೆ ನನ್ನ ಗೋಡೆಯ ಗೂಡನ್ನು ನೆನೆದು ಗೇಣು ಹಾಕಿ, ಚಿಕ್ಕದೊಂದನ್ನು ಆರಿಸಿದೆ. ರೇಡಿಯೊ, ಕ್ಯಾಸೆಟ್ಟು, ಸಿ.ಡಿ. ಎಲ್ಲ ಒಂದರಲ್ಲೇ. ಸ್ಪೀಕರ್ ಎರಡನ್ನೂ ಬಿಚ್ಚಿ ದೂರ ಇಡಬಹುದು.

ರೂಮಿಗೆ ತಂದು, ಬಲ್ಬಿನ ಹೋಲ್ಡರಿನಿಂದಲೇ ಕರೆಂಟು ಎಳೆದು, ಒಂದು ಸ್ಪೀಕರನ್ನು ಚಾಪೆಯ ತಲೆದೆಸೆಗೆ, ಇನ್ನೊಂದನ್ನು ಬಾಗಿಲ ಬಳಿ ಇಟ್ಟು ರೇಡಿಯೊ ಹಾಕಿದೆ. ಯಾರೋ ಇಬ್ಬರು ತೆಂಗಿನ ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಕಣ್ಣು ಮುಚ್ಚಿದರೆ ಅವರ ನಡುವೆ ಕೂತಂತಿತ್ತು. ನಾನೂ ಒಂದು ತಮಾಷೆ ಸೇರಿಸಿದೆ. ಅವರು ನಗಲಿಲ್ಲ, ಮಾತು ನಿಲ್ಲಿಸಲೂ ಇಲ್ಲ. ಗೊಬ್ಬರ ಮುಂದುವರಿಯಿತು.

ಹುಳು ಜ್ವರದಿಂದ ಎದ್ದವು. ಹೇಳಿದಂತೆ ಮನೆಯೊಡತಿಯೂ ಬಂದಳು. ಸೊಪ್ಪಿನ ಮಂಕರಿಯನ್ನು ಕಂಕುಳಲ್ಲಿಟ್ಟುಕೊಂಡೇ ಹೊಸ್ತಿಲಲ್ಲಿ ನಿಂತು, ಗೂಡಿನಲ್ಲಿ ಮೈಮೇಲಿನ ಹೊಸ ಪ್ಲಾಸ್ಟಿಕ್ ಹಾಳೆಯನ್ನೂ ಕೀಳದೆ ಕೂತಿದ್ದ ಸ್ಟೀರಿಯೊವನ್ನೂ ನನ್ನನ್ನೂ ನೋಡಿದಳು.

"ನೋಡವ್ವಾ, ಅವತ್ತು ನೀನ್ ಕೇಳಿದ್ದು ಇದ್ರ ಸದ್ದೇ. ಇಲ್ಲಿಗೆ ಯಾರೂ ಬರಾಕಿಲ್ಲ" ಅಂದೆ.

"ಯಾರೂ ಬರಾಕಿಲ್ಲ ಅನ್ನೋದು ಕಾಣ್ತೈತೆ ಬುಡು" ಅಂದಳು. "ಅಲ್ಲ ಕಣ್ಲಾ, ಅವತ್ತು ನಾನೇ ಒಳಗೆ ಕುಂತು 'ಉಂಡ್ಯೇನ್ಲಾ ಮಗಾ, ಒಸಿ ಸಾರು ಬುಡ್ಲಾ?' ಅಂತಿದ್ನಲ್ಲ, ಅದ್ಯಾವ ಸ್ಟೇಷನ್ನು?"