ಮೋಹಿನಿಯ ಪಾದ ತಿರುಗಿಸಿದ ರಾತ್ರಿ

ನಂಬುವವರು ನಂಬಲಿ, ನಗುವವರು ನಗಲಿ. ನಾನು ಭೂತ ಪ್ರೇತಗಳ ಚಿತ್ರ ಬರೆದೇ ಬದುಕಿದವಳು, ಅವನ್ನು ನಂಬಿ ಬದುಕಿದವಳಲ್ಲ. ಯಾವ ಹಸಿರಿಗೆ ಎಷ್ಟು ಕಪ್ಪು ಬೆರೆಸಿದರೆ ಓದುವವರ ಮೈ ಜುಮ್ಮೆನ್ನುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅಂಥವಳೇ ಹೇಳುತ್ತಿದ್ದೇನೆ... ಇದು ನಡೆದದ್ದು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಅಮೆರಿಕದ ಪಶ್ಚಿಮ ಕರಾವಳಿಯ ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಯಜಮಾನರಿಗೆ ಚಿಪ್ ತಯಾರಿಸುವ ಕಂಪನಿಯಲ್ಲಿ ಕೆಲಸ. ಮೈಸೂರಿನಲ್ಲಿ ಚಿತ್ರಕಲೆ ಕಲಿತಿದ್ದ ನಾನು ಕೊಲ್ಲಿಯ ಆಚೆ ದಡದ ನೆವಾರ್ಕಿನಲ್ಲಿ ವಾರೆನ್ ಎಂಬ ಹಿರಿಯ ಚಿತ್ರಕಾರರಿಗೆ ಸಹಾಯಕಿ. ರೆಕ್ಕೆಯ ಕಿನ್ನರಿಯರು, ಅಣಬೆಯ ಕೆಳಗಿನ ಕುಳ್ಳರು, ಕೊಳದಿಂದ ಏಳುವ ಹಸಿರು ಹೆಂಗಸರು... ಮಕ್ಕಳ ಪುಸ್ತಕ, ಕ್ಯಾಲೆಂಡರು, ಕಾದಂಬರಿಯ ಮುಖಪುಟ, ಎಲ್ಲೆಲ್ಲೂ ಅವರ ಚಿತ್ರಗಳು. ಆ ಲೋಕದಲ್ಲಿ ಅವರದು ದೊಡ್ಡ ಹೆಸರು.

ಹೆಸರು ಮಾತ್ರ ಅವರದು. ಆರು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಮೊದಲ ಗೆರೆಯಿಂದ ಕೊನೆಯ ಕೂದಲೆಳೆಯವರೆಗೆ ಎಲ್ಲ ನಾನೇ ಬರೆಯುತ್ತಿದ್ದೆ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಅವರ ಕೈ ಹಿಡಿತಕ್ಕೆ ಬರುತ್ತಿತ್ತು. ಆಗ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಬಣ್ಣ ತಾಗದಿರಲೆಂದು ಆ ಮೂಲೆಗೆ ನಾನು ಮೊದಲೇ ಟೇಪು ಅಂಟಿಸಿಡುತ್ತಿದ್ದೆ, ಸಹಿಯಾದ ಮೇಲೂ ಮತ್ತೆ ಅದೇ ಟೇಪು. ಈ ಗುಟ್ಟು ಗೊತ್ತಿದ್ದದ್ದು ಅವರಿಗೆ, ಅವರ ಹೆಂಡತಿಗೆ ಮತ್ತು ನನಗೆ.

ಕನ್ನಡ ಕೂಟದಲ್ಲಿ ಹೆಂಗಸರು, "ಏನೋ ಗೊಂಬೆ ಬರೀತೀರಂತಲ್ಲ, ಟೈಮ್‌ಪಾಸಿಗೆ ಒಳ್ಳೇದು ಬಿಡಿ" ಎನ್ನುತ್ತಿದ್ದರು. ಒಮ್ಮೆ ಪರಿಚಯದವರ ಮನೆಗೆ ಊಟಕ್ಕೆ ಹೋದಾಗ ಅವರ ಮಗಳು ಓಡಿಬಂದು ನಾನು ಚಿತ್ರ ಬರೆದ ಪುಸ್ತಕವನ್ನೇ ನನ್ನ ಮುಂದೆ ಹಿಡಿದು ವಾರೆನ್ ಹೆಸರು ತೋರಿಸಿದಳು. "ಆಂಟೀ, ಹೀ ಈಸ್ ದಿ ಬೆಸ್ಟ್!" ನಾನು ನಕ್ಕೆ. ಮನೆಗೆ ಬಂದು ಬಚ್ಚಲುಮನೆಯ ನಲ್ಲಿ ತಿರುಗಿಸಿಟ್ಟು ಅತ್ತೆ. ಕೈ ನನ್ನದು, ಕಣ್ಣು ನನ್ನದು, ಬೆನ್ನುನೋವು ನನ್ನದು. ಹೊಗಳಿಕೆ ಮಾತ್ರ ಆ ಮನುಷ್ಯನದು.

ಆ ವರ್ಷ ನಾನಾ ದೇಶದ ರಾತ್ರಿಜೀವಿಗಳ ಬಗ್ಗೆ ಒಂದು ದೊಡ್ಡ ಪುಸ್ತಕದ ಕೆಲಸ ಬಂತು. "ನಿಮ್ಮ ಕಡೆಯದೂ ಒಂದು ಇರಲಿ" ಎಂದರು ವಾರೆನ್. ನಾನು ಮೋಹಿನಿಯನ್ನು ಆರಿಸಿಕೊಂಡೆ.

ನಮ್ಮಜ್ಜಿ ಮಂಡ್ಯದ ಕಡೆಯವಳು. ಅವಳ ಮನೆಯಲ್ಲಿ ಮಕ್ಕಳು ಆಟಕ್ಕೆಂದು ಇದ್ದಿಲಿನಲ್ಲಿ ಮೋಹಿನಿ ಗೀಚಿದರೂ ಮೊದಲು ಪಾದ ಹಿಂದುಮುಂದಾಗಿ ಬರೆಯಬೇಕು, ಆಮೇಲೇ ಉಳಿದದ್ದು. ತಪ್ಪಿದರೆ ಬೆನ್ನಿಗೆ ಗುದ್ದು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಅವ್ಳ ಹಿಮ್ಮಡಿ ಮುಂದ್ಕಿರ್ತದೆ ಕಣವ್ವ. ಬತ್ತಾವ್ಳೆ ಅನ್ನಂಗೆ ಕಾಣ್ತಾಳೆ, ಆದ್ರೆ ದೂರ ಹೋಯ್ತಿರ್ತಾಳೆ. ಪಾದ ನಿನ್ ಕಡೀಕ್ ತಿರುಗ್ತು ಅಂದ್ರೆ... ಬಂದ್ಲು ಅಂತ್ಲೇ ತಿಳ್ಕೊ."

ಮೂರು ವಾರ ಕೂತು ಬರೆದೆ. ಹುಣಸೆಮರಗಳ ಸಾಲು, ಮಬ್ಬು ಬೆಳದಿಂಗಳು, ದೂರದಲ್ಲಿ ಅವಳು. ಆರು ವರ್ಷದಲ್ಲಿ ನನಗೆ ನಿಜಕ್ಕೂ ಇಷ್ಟವಾದ ಚಿತ್ರ ಅದೊಂದೇ. ಕಳಿಸುವ ಹಿಂದಿನ ಸಂಜೆ ವಾರೆನ್ ಕನ್ನಡಕ ಏರಿಸಿ ನೋಡಿದರು.

"ಚಿತ್ರ ಚೆನ್ನಾಗಿದೆ. ಪಾದ ತಪ್ಪಾಗಿದೆ."

ಅದು ಹಾಗೇ ಇರಬೇಕೆಂದು ವಿವರಿಸಿದೆ. ಅಜ್ಜಿಯ ಮಾತನ್ನೂ ಹೇಳಿದೆ. ಅವರು ತಲೆಯಾಡಿಸಿದರು. "ಓದುಗರಿಗೆ ಅದೆಲ್ಲ ಗೊತ್ತಾಗಲ್ಲ. ನನಗೆ ಪಾದ ಬರೆಯೋಕೆ ಬರಲ್ಲ ಅಂದುಕೊಳ್ಳುತ್ತಾರೆ."

'ನನಗೆ' ಅಂತೆ! ಮೈಯೆಲ್ಲ ಉರಿದುಹೋಯಿತು. "ಹಾಗಾದರೆ ನನ್ನ ಹೆಸರು ಹಾಕಿ. ಬೈಗುಳ ನನಗೇ ಬರಲಿ" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ ಹೇಳಿದರು, "ಸರಿ. ಪಾದ ಮುಂದಕ್ಕೆ ತಿರುಗಿಸು, ಇದೊಂದಕ್ಕೆ ನಿನ್ನ ಹೆಸರೇ ಹಾಕೋಣ. ಬೆಳಿಗ್ಗೆ ಎಂಟಕ್ಕೆ ಕೊರಿಯರ್‌ನವನು ಬರುತ್ತಾನೆ."

ಕೋಟು ಹಾಕಿಕೊಂಡು ಮನೆಗೆ ಹೊರಟುಹೋದರು. ನಾನು ಅಜ್ಜಿಯನ್ನು ಮರೆತೆ. ಬೇಕೆಂದೇ ಮರೆತೆ.

ಸ್ಟುಡಿಯೋ ಇದ್ದದ್ದು ಉಪ್ಪು ತಯಾರಿಸುವ ಕೊಳಗಳ ಪಕ್ಕದ ಹಳೇ ಗೋದಾಮಿನ ಮಹಡಿಯಲ್ಲಿ. ಸುತ್ತ ಒಂದು ಮನೆಯಿಲ್ಲ. ಅಂದು ಕೊಲ್ಲಿಯಿಂದ ಎದ್ದ ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿತ್ತು. ಕೆಳಬಾಗಿಲಿನ ಚಿಲಕ ಹಾಕಿ ಬಂದೆ. ಹಳೆಯ ಪಾದಗಳ ಮೇಲೆ ಬಣ್ಣ ಬಳಿದು ಒಣಗಿಸಿ, ಎಡಪಾದ ಶುರು ಮಾಡಿದೆ.

ಹೆಬ್ಬೆರಳು ಮುಗಿಯಿತು. ಪಚ್...

ಕೋಣೆಯ ಆಚೆ ತುದಿಯಲ್ಲಿ, ಖಾಲಿ ಚೌಕಟ್ಟುಗಳನ್ನು ಒರಗಿಸಿಟ್ಟಿದ್ದ ಕಡೆ, ಒದ್ದೆ ಕಾಲು ಸಿಮೆಂಟಿನ ಮೇಲೆ ಇಟ್ಟಂಥ ಸದ್ದು. ನಲ್ಲಿ ತೊಟ್ಟಿಕ್ಕುತ್ತಿರಬೇಕು ಎಂದುಕೊಂಡೆ. ಎರಡನೆಯ ಬೆರಳು ಮುಗಿಸಿದೆ. ಪಚ್... ಈ ಸಲ ಸ್ವಲ್ಪ ಈಚೆಗೆ. ಕುಂಚ ಎತ್ತಿಹಿಡಿದು ಕಾದೆ. ಎಷ್ಟು ಹೊತ್ತಾದರೂ ಏನೂ ಇಲ್ಲ. ಮೂರನೆಯದು ಮುಗಿಸಿದೆ. ಪಚ್...

ಗೆಜ್ಜೆ ಸದ್ದು, ಮಲ್ಲಿಗೆ ಪರಿಮಳ ಎಂದು ಬರೆದರೆ ನಿಮಗೆ ಖುಷಿಯಾಗುತ್ತಿತ್ತೇನೋ. ಅಂಥದ್ದೇನೂ ಇರಲಿಲ್ಲ. ಬಂದದ್ದು ಸೀಗೆಕಾಯಿ ವಾಸನೆ. ಆಗತಾನೇ ತಲೆಗೆ ನೀರು ಹಾಕಿಕೊಂಡು ಬಂದವರ ಒದ್ದೆ ಕೂದಲಿನ ವಾಸನೆ... ನೆವಾರ್ಕಿನಲ್ಲಿ!

ಎಡಪಾದ ಮುಗಿಯುವಷ್ಟರಲ್ಲಿ ಐದು ಹೆಜ್ಜೆ ಕೇಳಿದ್ದೆ. ತಿರುಗಿ ನೋಡುವ ಧೈರ್ಯವಾಗದೆ ಫೋನ್ ಎತ್ತಿ ಮನೆಗೆ ಮಾಡಿದೆ.

"ಟೈಮ್ ಎಷ್ಟಾಯ್ತು ನೋಡಿದ್ಯೇನೇ? ಬ್ರಿಡ್ಜ್ ಮೇಲೆಲ್ಲ ಫಾಗ್ ಅಂತೆ" ಎಂದರು ನಮ್ಮವರು.

"ಇನ್ನೊಂದು ಪಾದ ಇದೆ ರೀ... ಇಲ್ಲಿ ಯಾರೋ ಓಡಾಡ್ದಂಗೆ ಆಗ್ತಿದೆ."

"ಹಾಗಿದ್ರೆ ಬಿಟ್ಟು ಬಂದ್ಬಿಡು. ಒಂದು ಚಿತ್ರ ಹೋದ್ರೆ ಹೋಗ್ಲಿ."

"ಇದರಲ್ಲಿ ನನ್ನ ಹೆಸರು ಬರತ್ತೆ ರೀ."

ಅವರು ದನಿ ತಗ್ಗಿಸಿ ಕೇಳಿದರು, "ಸರಿ... ಅಲ್ಲಿ ನಿನ್ನ ಹಿಂದೆ ಗುನುಗ್ತಿರೋದು ಯಾರು?"

ನನಗೆ ಯಾವ ಗುನುಗೂ ಕೇಳಿಸುತ್ತಿರಲಿಲ್ಲ.

ಫೋನ್ ಇಟ್ಟೆ. ಮನೆಗೆ ಓಡಬೇಕಿತ್ತು, ಓಡುವ ಮನಸ್ಸೂ ಇತ್ತು. ಆದರೆ ಹೆಸರಿನ ಆಸೆ ನೋಡಿ! ಧೈರ್ಯಕ್ಕೆಂದು, ನನ್ನ ಹೆಸರು ಕೂರುವ ಜಾಗವನ್ನಾದರೂ ಒಮ್ಮೆ ನೋಡೋಣ ಎಂದು ಚಿತ್ರದ ಬಲಮೂಲೆಯ ಟೇಪು ಕಿತ್ತೆ.

ಅಲ್ಲಿ ವಾರೆನ್ ಸಹಿ ಇತ್ತು. ಚೆನ್ನಾಗಿ ಒಣಗಿದ ಸಹಿ. ಅಂದರೆ ಬೆಳಿಗ್ಗೆಯೇ ಹಾಕಿದ್ದರು. ಸಂಜೆ ನನ್ನ ಮುಖ ನೋಡಿಕೊಂಡು ಮಾತು ಕೊಡುವಾಗಲೂ ಅದು ಅಲ್ಲೇ, ಟೇಪಿನ ಕೆಳಗೆ ಇತ್ತು.

ಆಗ ನನಗಾದದ್ದು ಭಯವಲ್ಲ. ಆರು ವರ್ಷದ ಹೊಟ್ಟೆಯುರಿ ಒಮ್ಮೆಲೇ ಹೊತ್ತಿಕೊಂಡಿತು. ನಿನಗೆ ಪಾದ ಮುಂದಕ್ಕೆ ಬೇಕಲ್ಲವೇ, ತಗೋ ಎಂದುಕೊಂಡು ಕುಂಚ ಎತ್ತಿಕೊಂಡೆ. ಬಲಪಾದದ ಒಂದೊಂದು ಬೆರಳಿಗೂ ಒಂದೊಂದು ಹೆಜ್ಜೆ. ಪಚ್... ಪಚ್... ಒಂಬತ್ತನೆಯ ಬೆರಳಿಗೆ ನನ್ನ ಸ್ಟೂಲಿನ ಹಿಂದೆಯೇ ಒದ್ದೆ ಕಾಲಿಟ್ಟದ್ದು ಕೇಳಿಸಿತು. ಕತ್ತಿನ ಮೇಲೆ ತಣ್ಣನೆಯ ಹನಿಯೊಂದು ಬಿತ್ತು. ನಾನು ನಿಲ್ಲಿಸಲಿಲ್ಲ. ಕಿರುಬೆರಳಿಗೂ ಉಗುರು ಬರೆದೆ.

ಹಿಂದಿನಿಂದ ದನಿ ಬಂತು. ಸಿಟ್ಟಿಲ್ಲದ, ಅಕ್ಕಪಕ್ಕದ ಮನೆಯ ಹೆಂಗಸು ವಿಚಾರಿಸಿದಂಥ ದನಿ. ಅದೂ ಕನ್ನಡದಲ್ಲಿ.

"ಯಾರವ್ವ ನನ್ ಕಾಲ ತಿರುಗ್ಸಿದ್ದು? ಹೆಸ್ರೇಳು."

ನನ್ನ ಕೈಯಲ್ಲಿ ಹಸಿ ಬಣ್ಣದ ಕುಂಚವಿತ್ತು. ಎದುರಿಗೆ ಅವರ ಸಹಿಯಿತ್ತು. ಹೇಳುವ ಮೊದಲು ನಾನು ಯೋಚಿಸಿದೆ. ಯೋಚಿಸಿದೆ ಎಂಬುದೇ ನನ್ನನ್ನು ಇವತ್ತಿಗೂ ಸುಡುವುದು.

"ವಾರೆನ್" ಎಂದೆ. ಬೆರಳು ಮಾಡಿ ಸಹಿ ತೋರಿಸಿದೆ.

ಹೆಜ್ಜೆಗಳು ನನ್ನ ಪಕ್ಕದಲ್ಲೇ ಹಾದು ಹೋದವು. ಆ ವಾಸನೆಯೂ ಹಿಂದೆಯೇ ಹೋಯಿತು. ಮೆಟ್ಟಿಲು ಇಳಿಯುವ ಸದ್ದು ಕೆಳಬಾಗಿಲಿನವರೆಗೂ ಕೇಳಿಸಿತು. ಬಾಗಿಲು ತೆಗೆದ ಸದ್ದು ಕೇಳಿಸಲಿಲ್ಲ.

ಬೆಳಕಾಗುವವರೆಗೆ ಆ ಸ್ಟೂಲಿನಿಂದ ಏಳಲಿಲ್ಲ. ಕೆಳಗೆ ಹೋಗಿ ನೋಡಿದರೆ ಚಿಲಕ ನಾನು ಹಾಕಿದ ಹಾಗೇ ಇತ್ತು. ಕೊರಿಯರ್‌ನವನು ಬಂದು ಚಿತ್ರ ಒಯ್ದ. ಅವನು ಹೋಗಿ ಹತ್ತು ನಿಮಿಷಕ್ಕೆ ವಾರೆನ್ ಹೆಂಡತಿಯ ಫೋನ್ ಬಂತು. ರಾತ್ರಿ ಮಲಗಿದವರು ಏಳಲಿಲ್ಲವಂತೆ.

ಡಾಕ್ಟರು ಹೃದಯ ಎಂದರು. ವಯಸ್ಸಾಗಿತ್ತು, ಕಾಯಿಲೆಯೂ ಇತ್ತು, ಇರಬಹುದು. ಆದರೆ ಮಣ್ಣು ಮಾಡಿದ ದಿನ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಕಾರ್ಪೆಟ್ ಒದ್ದೆಯಾಗಿತ್ತು. ಬಾಗಿಲಿನಿಂದ ಮಂಚದವರೆಗೆ, ಬರಿಗಾಲಿನ ಗುರುತು. ಬಂದದ್ದು ಮಾತ್ರ ಇತ್ತು... ಹೋದದ್ದು ಇರಲಿಲ್ಲ."

ಪುಸ್ತಕ ಬಂತು. ಮೋಹಿನಿಯನ್ನು ಎಲ್ಲರೂ ವಾರೆನ್‌ರ ಕೊನೆಯ ಶ್ರೇಷ್ಠ ಚಿತ್ರ ಎಂದು ಹಾಡಿ ಹೊಗಳಿದರು. ಪಾದಗಳು ಜೀವಂತವಾಗಿವೆ ಎಂದೂ ಒಬ್ಬರು ಬರೆದರು. ಅಷ್ಟರಲ್ಲಿ ವಾರೆನ್ ಹೆಂಡತಿಯೇ ಪ್ರಕಾಶಕರಿಗೆ ನಿಜ ತಿಳಿಸಿದ್ದರು. ಮುಂದಿನ ಪುಸ್ತಕದಿಂದ ಮುಖಪುಟದ ಮೇಲೆ ನನ್ನದೇ ಹೆಸರು. ನನ್ನ ಕಿನ್ನರಿಯರೆಲ್ಲ ಮೊಣಕಾಲುದ್ದ ಹುಲ್ಲಿನಲ್ಲಿ ನಿಂತಿರುತ್ತಾರೆ. ಅದನ್ನು ನನ್ನ ಶೈಲಿ ಎನ್ನುತ್ತಾರೆ, ನಾನೂ ತಲೆಯಾಡಿಸುತ್ತೇನೆ.

ಆ ರಾತ್ರಿ ಬಂದದ್ದು ಏನು ಎಂದು ನನಗೆ ಗೊತ್ತಿಲ್ಲ. ಅದು ವಾಪಸ್ಸು ಹೋಯಿತೇ ಎಂಬುದೂ ಗೊತ್ತಿಲ್ಲ. ತಲೆಗೆ ನೀರು ಹಾಕಿಕೊಂಡವರು ಯಾರಾದರೂ ಹಿಂದಿನಿಂದ ಬಂದು ನಿಂತರೆ ಇವತ್ತಿಗೂ ನನ್ನ ಕೈಯ ಕುಂಚ ನಿಂತುಹೋಗುತ್ತದೆ. ಆವತ್ತು ಕೊಡಲು ಇನ್ನೊಬ್ಬರ ಹೆಸರಿತ್ತು. ಈಗ ಚಿತ್ರದ ಮೂಲೆಯಲ್ಲಿರುವುದು ನನ್ನದೊಂದೇ.

ಈ ಬರಹದ ಕೆಳಗಾದರೂ ಅದನ್ನು ಹಾಕಬೇಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.